ಮೂರನೇ ಕೋಣೆಯ ಬಿಸಿ

"ಈ ಸದ್ದಿಗೆ ಜವಾಬ್ದಾರರು ಯಾರು?"

ಕಾವಲುಗಾರ "ಸಾರ್, ಸಾರ್..." ಎನ್ನುತ್ತ ಹಿಂದಿನಿಂದ ಓಡಿ ಬರುವಷ್ಟರಲ್ಲಿ ಆ ಮನುಷ್ಯ ಕಚೇರಿಯ ಒಳಗೇ ಬಂದು ನಿಂತಾಗಿತ್ತು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಗಲ ಮೇಲೆ ಟವೆಲ್ಲು, ಕೊರಳಲ್ಲಿ ಸೀಟಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಆಗಷ್ಟೇ ಒರೆಸಿದ್ದ ನೆಲದ ಮೇಲೆ ಬಾಗಿಲಿನಿಂದ ಅವಳ ಮೇಜಿನವರೆಗೂ ಒದ್ದೆ ಹೆಜ್ಜೆಗಳು ಸಾಲಾಗಿ ಮೂಡಿದ್ದವು.

ಅವಳು ಕಂಪ್ಯೂಟರಿನಿಂದ ತಲೆ ಎತ್ತಿದಳು.

"ನಾನೇ," ಎಂದಳು.

ಯಾರೋ ದಪ್ಪ ಮೀಸೆಯ ಸಾಹೇಬರು ಸಿಗುತ್ತಾರೆ, ಚೆನ್ನಾಗಿ ಕೂಗಾಡಿ ಬರೋಣ ಎಂದುಕೊಂಡು ಬಂದವನಿಗೆ ಅರ್ಧ ಕೂಗು ಗಂಟಲಲ್ಲೇ ಉಳಿಯಿತು.

"ಗೋಡೆಯ ಹತ್ತಿರ ಸದ್ದು ಅರವತ್ತೆರಡು ಡೆಸಿಬೆಲ್ ಇದೆ," ಅವಳು ಶಾಂತವಾಗಿ ಹೇಳಿದಳು. "ನಿಯಮದ ಪ್ರಕಾರ ಅರವತ್ತೈದರ ತನಕ ಇರಬಹುದು."

"ನನ್ನ ಶಿಷ್ಯರಿಗೆಲ್ಲ ಎಪ್ಪತ್ತು ದಾಟಿದೆ ಮೇಡಂ. ಅವರಿಗೆ ನಿಮ್ಮ ನಿಯಮ ಕೇಳಿಸಲ್ಲ, ನಿಮ್ಮ ಫ್ಯಾನು ಕೇಳಿಸುತ್ತೆ! ನಾನು 'ಕಾಲು ಎತ್ತಿ' ಅಂದ್ರೆ ಕೈ ಎತ್ತುತ್ತಾರೆ. 'ಉಸಿರು ಬಿಡಿ' ಅಂದ್ರೆ... ಬೇಡ ಬಿಡಿ, ಅದನ್ನ ಹೇಳಿದ್ರೆ ನನಗೇ ಭಯ ಆಗುತ್ತೆ."

ಅವಳಿಗೆ ನಗು ಬಂತು. ಆದರೆ ನಗಲಿಲ್ಲ. ನಗುವುದಕ್ಕೂ ಮೊದಲು ಒಮ್ಮೆ ಅಳೆದು ನೋಡುವ ಜಾತಿ ಅವಳದು.

"ನಡೀರಿ, ನೋಡೋಣ," ಎಂದು ಎದ್ದಳು.

ಅವಳು ಕೆಲಸ ಮಾಡುತ್ತಿದ್ದುದು ಒಂದು ಡೇಟಾ ಸೆಂಟರಿನಲ್ಲಿ. ಜನ ಮೊಬೈಲಿನಲ್ಲಿ ನೋಡುವುದು, ಕೊಳ್ಳುವುದು, ಕಳಿಸುವುದು ಎಲ್ಲವೂ ಕೊನೆಗೆ ಹೋಗಿ ಕೂರುವ ಜಾಗ ಅದು. ಕಿಟಕಿಯಿಲ್ಲದ ನಾಲ್ಕು ಕೋಣೆಗಳು, ಬೀರುವಿನಂಥ ಚೌಕಟ್ಟುಗಳಲ್ಲಿ ಸಾಲುಸಾಲು ಸರ್ವರುಗಳು. ಓಡಿದಷ್ಟೂ ಬಿಸಿಯಾಗುತ್ತವೆ, ಬಿಸಿಯಾದರೆ ಕೆಡುತ್ತವೆ. ಅವನ್ನು ತಣ್ಣಗಿಡುವುದು, ಅದನ್ನೂ ಆದಷ್ಟು ಕಡಿಮೆ ವಿದ್ಯುತ್ತಿನಲ್ಲಿ ಮಾಡುವುದು ಅವಳ ಕೆಲಸ.

ಒಂದನೇ ಕೋಣೆ ಹಳೆಯದು, ಅವಳು ಬರುವ ಮೊದಲೇ ಕಟ್ಟಿದ್ದು. ಉಳಿದ ಮೂರು ಅವಳದೇ ವಿನ್ಯಾಸ. ವ್ಯಾಪಾರ ಇವತ್ತು ಏರುತ್ತದೆ, ನಾಳೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಒಂದೊಂದು ಕೋಣೆಯನ್ನೂ ಬೇರೆಯಾಗಿ ತೆರೆಯುವ, ಬೇರೆಯಾಗಿ ಮುಚ್ಚುವ ಏರ್ಪಾಟು. ಯಾವ ಕೋಣೆಯಲ್ಲಿ ಎಷ್ಟು ಡಿಗ್ರಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಹಾಗಾಗಿ ಕಚೇರಿಯಲ್ಲಿ ಎಲ್ಲರಿಗೂ ಅವಳು 'ಡಿಗ್ರಿ ಮೇಡಂ'.

ವಯಸ್ಸು ಮೂವತ್ತಾರು. ಅವಳ ತಾಯಿ ಫೋನಿನಲ್ಲಿ ಮದುವೆಯ ಮಾತು ಎತ್ತುವುದನ್ನು ಬಿಟ್ಟು, ಬೆನ್ನುನೋವು ಹೇಗಿದೆ ಎಂದು ಕೇಳಲು ಶುರುಮಾಡಿ ಎರಡು ವರ್ಷವಾಗಿತ್ತು.

ಗೋಡೆಯಾಚೆ ಇದ್ದದ್ದು ಒಂದು ಈಜುಕೊಳ. ವಯಸ್ಸಾದವರು, ಮಂಡಿ ಹಿಡಿದುಕೊಂಡವರು, ಲಕ್ವ ಹೊಡೆದು ಕೈಕಾಲು ಸೋತವರು ಅಲ್ಲಿ ನೀರಿನೊಳಗೆ ವ್ಯಾಯಾಮ ಮಾಡುತ್ತಿದ್ದರು. ಮಾಡಿಸುತ್ತಿದ್ದವನು ಇವನೇ. ಅವರೆಲ್ಲ ಅವನನ್ನು 'ಮೇಷ್ಟ್ರೇ' ಎನ್ನುತ್ತಿದ್ದರು. ಬಾಗಿಲ ಪಕ್ಕದ ಕೌಂಟರಿನಲ್ಲಿ ಅವನ ಅಕ್ಕ ಕೂತಿದ್ದಳು. ಒಂದೂವರೆ ವರ್ಷದ ಹಿಂದೆ ಅವಳಿಗೂ ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಎಡಗೈ ಮಡಿಲಲ್ಲಿ ಬೇರೆಯವರ ಸಾಮಾನಿನಂತೆ ಬಿದ್ದಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

"ಇವರೇನಾ ಸದ್ದು ಮಾಡೋರು? ನೋಡಿದ್ರೆ ಒಂದು ಮಾತೂ ಆಡೋ ಹಾಗಿಲ್ಲ!"

ಡಿಗ್ರಿ ಮೇಡಂ ಬಗ್ಗಿ ಕೊಳದೊಳಗೆ ಕೈ ಅದ್ದಿದಳು.

"ಇಪ್ಪತ್ತಾರು," ಎಂದಳು.

ಮೇಷ್ಟ್ರು ಗೋಡೆಯ ಮೇಲಿದ್ದ ಥರ್ಮಾಮೀಟರ್ ನೋಡಿದ. ಇಪ್ಪತ್ತಾರು!

"ಮೂವತ್ತಮೂರು ಇರ್ಬೇಕು. ಬಾಯ್ಲರ್ ಕೆಟ್ಟು ಮೂರು ತಿಂಗಳಾಯ್ತು. ತಣ್ಣೀರಲ್ಲಿ ಇವರ ಕೈಕಾಲು ಬಿಗೀತವೆ. ಅರ್ಧ ಜನ ಬರೋದೇ ಬಿಟ್ಟಿದ್ದಾರೆ."

ಅವಳು ಗೋಡೆಯ ಕಡೆ ನೋಡಿದಳು. ಅದರಾಚೆ ತನ್ನ ಫ್ಯಾನುಗಳು ನಲವತ್ತು ಡಿಗ್ರಿಯ ಗಾಳಿಯನ್ನು ಹಗಲೂ ರಾತ್ರಿ ಆಕಾಶಕ್ಕೆ ಎಸೆಯುತ್ತಿದ್ದವು...

'ಇಷ್ಟು ದಿನ ಇದು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ?'

"ನಮ್ಮ ಹತ್ರ ಬಿಸಿ ಇದೆ," ಎಂದಳು. "ಬೇಡವಾದದ್ದು. ನಿಮಗೆ ಬೇಕಾ?"

ಅವನಿಗೆ ಅರ್ಥವಾಗಲಿಲ್ಲ. ಅಕ್ಕನಿಗೆ ಅರ್ಥವಾಯಿತು.

"ಬೇಕು ಅನ್ನೋ," ಎಂದಳು.

*

ಅನುಮತಿ ಸಿಕ್ಕಿ, ಕಚೇರಿಗೂ ಕೊಳಕ್ಕೂ ಒಪ್ಪಂದವಾಗಲು ನಾಲ್ಕು ತಿಂಗಳು ಹಿಡಿಯಿತು. ಮೂರನೇ ಕೋಣೆ ಗೋಡೆಗೆ ಹತ್ತಿರವಿತ್ತು. ಅಲ್ಲಿ ಚೌಕಟ್ಟುಗಳ ಬೆನ್ನಿಗೇ ನೀರಿನ ಕೊಳವೆಗಳಿದ್ದ ಬಾಗಿಲುಗಳು; ಬಿಸಿಯನ್ನು ಕೋಣೆಯ ಗಾಳಿಗೆ ಬಿಡದೆ ನೀರೇ ಎಳೆದುಕೊಳ್ಳುತ್ತಿತ್ತು. ಆ ಬಿಸಿನೀರಿನ ಪೈಪನ್ನು ಗೋಡೆ ಕೊರೆದು ಕೊಳದ ಯಂತ್ರದ ಮನೆಗೆ ಹಾಯಿಸಿದರು. ಎರಡು ನೀರೂ ಒಂದಕ್ಕೊಂದು ಸೋಕದೆ ಪಕ್ಕಪಕ್ಕದಲ್ಲಿ ಹರಿದು, ಬಿಸಿ ಮಾತ್ರ ಆಚೆಗೆ ದಾಟುವಂತೆ ಒಂದು ಪೆಟ್ಟಿಗೆ. ಅಲ್ಲಿಯವರೆಗೆ ಆ ನೀರನ್ನು ತಣಿಸುತ್ತಿದ್ದ ಗೋಡೆಯ ಬಳಿಯ ಫ್ಯಾನುಗಳು ನಿಂತವು. ಸದ್ದೂ ನಿಂತಿತು.

ನೀರು ಮೂವತ್ತಮೂರು ಮುಟ್ಟಿದ ದಿನ ಒಬ್ಬ ತಾತ ನೀರಿನ ಮೇಲೆ ತೇಲುತ್ತಲೇ ಗೊರಕೆ ಹೊಡೆದ. ಮೇಷ್ಟ್ರು ಅಕ್ಕನನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಸಿದ. ನೀರೊಳಗೆ ಅವಳ ಎಡಗೈಗೆ ಒಂದು ಸ್ಪಂಜು ಕೊಟ್ಟ.

"ಹಿಡಿ ಅಕ್ಕಾ."

"ಹಿಡಿದಿದ್ದೀನಿ ಕಣೋ."

"ಇಲ್ಲ, ನೀನು ಹಿಡಿದಿದ್ದೀನಿ ಅಂದ್ಕೊಂಡಿದ್ದೀಯ..."

ಅಷ್ಟರಲ್ಲಿ ಸ್ಪಂಜಿನಿಂದ ಗುಳ್ಳೆಗಳು ಎದ್ದವು. ಅವಳ ಬೆರಳುಗಳು ಮಡಚಿದ್ದವು!

ಮೇಷ್ಟ್ರು ತಲೆ ಎತ್ತಿ ದಡದ ಮೇಲಿದ್ದ ಡಿಗ್ರಿ ಮೇಡಂ ಕಡೆ ನೋಡಿದ. ಅವನ ಮುಖದ ಮೇಲಿದ್ದದ್ದು ಕೊಳದ ನೀರೋ ಕಣ್ಣೀರೋ ತಿಳಿಯುವಂತಿರಲಿಲ್ಲ. ಆ ದಿನ ಅವಳು, ಎಷ್ಟು ಬಿಸಿ ದಾಟಿತೆಂದು ತೋರಿಸುವ ಪೆಟ್ಟಿಗೆಯ ಮೀಟರ್ ಓದುವುದನ್ನು ಮರೆತಳು.

ಮರುದಿನದಿಂದ ಸಂಜೆ ನಾಲ್ಕಕ್ಕೆ ಮೀಟರ್ ಓದಲು ಕೊಳಕ್ಕೆ ಬರುವುದು ಅವಳಿಗೆ ರೂಢಿಯಾಯಿತು. ಅವನು ಕಾಫಿ ಮಾಡಿ ತರುತ್ತಿದ್ದ. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದರು. ಅವನು ತಾತಂದಿರ ಜಗಳ ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು.

"ಮೀಟರ್ ಓದೋಕೆ ಇಲ್ಲೀತನಕ ಬರ್ಬೇಕಾ?" ಒಂದು ದಿನ ಅಕ್ಕ ಕೇಳಿದಳು. "ಅದು ನಿಮ್ಮ ಕಂಪ್ಯೂಟರಲ್ಲೇ ಕಾಣ್ಸುತ್ತಂತಲ್ಲ?"

"ಕಣ್ಣಾರೆ ನೋಡಿದ್ರೆ ಒಳ್ಳೇದು."

"ಹ್ಞೂಂ... ಕಣ್ಣಾರೆ ನೋಡಿದ್ರೆ ಒಳ್ಳೇದೇ," ಎಂದು ಅಕ್ಕ ತಮ್ಮನ ಕಡೆ ನೋಡಿದಳು. ಅವನು ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡ.

*

ಮಾರ್ಚಿನ ಕೊನೆಯಲ್ಲಿ ಮ್ಯಾನೇಜರ್ ಅವಳನ್ನು ಕರೆದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಮಾತಾಡುವಾಗಲೂ ಕಾಗದದಿಂದ ಕಣ್ಣೆತ್ತದ ಮನುಷ್ಯ.

"ಮೂರನೇ ಕೋಣೆಯ ಗಿರಾಕಿ ಹೋಗ್ತಿದ್ದಾರೆ. ಐದು ವಾರದಲ್ಲಿ ಖಾಲಿ. ಕೋಣೆ ಮುಚ್ಚೋ ಯೋಜನೆ ಕೊಡಿ. ಅವರ ಸಹಿ ಆಗೋ ತನಕ ಈ ಮಾತು ಈ ಬಾಗಿಲು ದಾಟಬಾರದು."

ಗಿರಾಕಿ ಎಂದರೆ ಒಂದು ದೊಡ್ಡ ಆನ್‌ಲೈನ್ ಅಂಗಡಿ. ಮೂರನೇ ಕೋಣೆಯ ಇನ್ನೂರ ನಲವತ್ತು ಸರ್ವರುಗಳೂ ಅವರ ಕೆಲಸಕ್ಕೇ ಇದ್ದವು.

ಅವಳು ಯೋಜನೆ ಬರೆದಳು, ಸಹಿ ಹಾಕಿದಳು. ಸಂಜೆ ನಾಲ್ಕಕ್ಕೆ ಕೊಳಕ್ಕೆ ಹೋದಳು.

'ಹೇಳಿಬಿಡಲೇ? ...ಹೇಳುವಂತಿಲ್ಲ.'

ಐದು ವಾರ ಹೀಗೇ ಕಳೆಯಿತು. ಅವನ ಕಾಫಿ ಕುಡಿದಳು. ತಾತಂದಿರ ಜಗಳ ಕೇಳಿದಳು. ಅಕ್ಕ ಎಡಗೈಯಲ್ಲಿ ಬಾಗಿಲ ಚಿಲಕ ಎಳೆದು ತೋರಿಸಿದಾಗ ಚಪ್ಪಾಳೆ ತಟ್ಟಿದಳು. ಪ್ರತಿದಿನವೂ ಕಚೇರಿಗೆ ಮರಳಿದ ಮೇಲೆ ಯಾರೋ ಎದೆಯ ಮೇಲೆ ಕಾಲಿಟ್ಟು ನಿಂತಂತೆ ಅನಿಸುತ್ತಿತ್ತು.

ಕೊನೆಯ ವಾರ ಸರ್ವರುಗಳಿಗೆ ಕೆಲಸವಿರಲಿಲ್ಲ. ಆದರೂ ಉರಿಯುತ್ತಿದ್ದವು. ಕೆಲಸವಿಲ್ಲದಿದ್ದರೂ ಸರ್ವರು ವಿದ್ಯುತ್ ಕುಡಿಯುತ್ತದೆ, ಬಿಸಿಯಾಗುತ್ತದೆ. ಅವನ್ನು ಹಾಗೇ ಬಿಟ್ಟಿದ್ದರೆ ಮೂರು ತಿಂಗಳು ಯಾರೂ ಕೇಳುತ್ತಿರಲಿಲ್ಲ. ಕೊಳ ಬೆಚ್ಚಗಿರುತ್ತಿತ್ತು.

ಸೋಮವಾರ ಗಿರಾಕಿಯ ಸಹಿ ಬಂತು. ಗುರುವಾರ ಮಧ್ಯಾಹ್ನ ಅವಳು ಮೂರನೇ ಕೋಣೆಯಲ್ಲಿ ಒಬ್ಬಳೇ ನಿಂತಿದ್ದಳು. ಬೇಡದೆ ಉರಿಯುವುದನ್ನು ಆರಿಸುವುದು, ಹದಿಮೂರು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಇಷ್ಟೇ. ಇವತ್ತು ಕೈ ಯಾಕೆ ತಡೆಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆರಿಸಿದಳು. ಸಾಲಿನಿಂದ ಸಾಲಿಗೆ ಹಸಿರು ದೀಪಗಳು ಸತ್ತವು.

*

ಶನಿವಾರ ಬೆಳಿಗ್ಗೆ ಅವನ ಫೋನ್ ಬಂತು.

"ಡಿಗ್ರಿ ಮೇಡಂ, ನಿಮ್ಮ ಪೈಪು ಮುನಿಸ್ಕೊಂಡಿದೆ! ನೀರು ಇಪ್ಪತ್ತೊಂಬತ್ತಕ್ಕೆ ಇಳಿದಿದೆ. ಬಂದು ಸ್ವಲ್ಪ ಸಮಾಧಾನ ಮಾಡಿ..."

ಅವಳು ಬಂದಳು. ಬೆಂಚಿನ ಮೇಲೆ ಕೂರಲಿಲ್ಲ.

"ಪೈಪು ಸರಿಯಿದೆ. ಮೂರನೇ ಕೋಣೆ ಮುಚ್ಚಿದ್ದೀವಿ."

"ಯಾವಾಗ ತೆಗೀತೀರಿ?"

"ಗೊತ್ತಿಲ್ಲ. ಹೊಸ ಗಿರಾಕಿ ಬಂದಾಗ. ಬರದೇನೂ ಇರಬಹುದು."

ಅವನ ಮುಖದ ನಗು ನಿಧಾನವಾಗಿ ಇಳಿಯಿತು.

"ನಿಮಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಬರುತ್ತಿರಲಿಲ್ಲ.

"ಐದು ವಾರದ ಹಿಂದೆ. ಮುಚ್ಚೋ ಯೋಜನೆ ಬರೆದವಳೂ ನಾನೇ."

"ಐದು ವಾರ..." ಅವನು ಧ್ವನಿ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು. "ಐದು ವಾರ ಇಲ್ಲಿ ಕೂತು ಕಾಫಿ ಕುಡಿದ್ರಿ. ಅಕ್ಕ ಚಿಲಕ ಎಳೆದಾಗ ಚಪ್ಪಾಳೆ ತಟ್ಟಿದ್ರಿ."

"ಸಹಿ ಆಗೋ ತನಕ ಹೇಳೋ ಹಾಗಿರಲಿಲ್ಲ. ಸಹಿ ಸೋಮವಾರ ಆಯ್ತು. ಸೋಮವಾರದಿಂದ ಹೇಳಬಹುದಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು."

"ಮೊದಲೇ ಹೇಳಿದ್ರೆ ಬಾಯ್ಲರ್‌ಗಾದ್ರೂ ಓಡಾಡ್ತಿದ್ದೆ. ಇಷ್ಟು ಜನರನ್ನ ಮತ್ತೆ ಮನೇಲಿ ಕೂರಿಸಬೇಕಲ್ಲ ಮೇಡಂ... ಏನಂತ ಹೇಳ್ಲಿ ಅವರಿಗೆ?"

ಅವಳು ಗೋಡೆಯ ಮೇಲಿನ ಥರ್ಮಾಮೀಟರ್ ಕಡೆ ನೋಡಿದಳು.

"ನಾಳೆಯಿಂದ ಬರೋದು ಬೇಡ," ಎಂದ. "ಓದೋಕೆ ಮೀಟರಲ್ಲಿ ಏನೂ ಇರಲ್ಲ."

ಸೋಮವಾರ ಕೊಳದ ಬಾಗಿಲಿಗೆ ಒಂದು ಹಲಗೆ ಬಿತ್ತು: 'ಹಿರಿಯರ ತರಗತಿ ಸದ್ಯಕ್ಕಿಲ್ಲ.' ಅವಳು ಮನೆಗೆ ಹೋಗುವ ದಾರಿಯನ್ನೇ ಬದಲಿಸಿಕೊಂಡಳು. ಎರಡು ಬೀದಿ ಸುತ್ತು. ಆ ಹಲಗೆ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ ಲಾಭ.

*

ಹತ್ತು ದಿನದ ಮೇಲೆ ಕಾವಲುಗಾರ ಫೋನ್ ಮಾಡಿದ. "ಮೇಡಂ, ಕೋಲು ಹಿಡ್ಕೊಂಡು ಒಬ್ಬರು ಅಮ್ಮ ಬಂದಿದ್ದಾರೆ. ಬೇಡ ಅಂದ್ರೂ ಕೇಳ್ತಿಲ್ಲ. ನನ್ನ ಕುರ್ಚೀಲೇ ಕೂತ್ಕೊಂಡಿದ್ದಾರೆ."

ಅಕ್ಕ!

"ಬೇಡಿಕೊಳ್ಳೋಕೆ ಬಂದಿಲ್ಲ," ಅಕ್ಕ ಮೊದಲೇ ಹೇಳಿದಳು. ಎಡಗೈ ಮತ್ತೆ ಮಡಿಲಿಗೆ ಬಿದ್ದಿತ್ತು. "ನನ್ನ ತಮ್ಮ ಸಿಟ್ಟು ಬಂದ್ರೆ ಪಾತ್ರೆ ತೊಳೀತಾನೆ. ಈಗ ಮನೇಲಿ ತೊಳೆಯೋಕೆ ಪಾತ್ರೆ ಉಳಿದಿಲ್ಲ. ಪಕ್ಕದ ಮನೆಯೋರದ್ದು ಕೇಳ್ತಾನೇನೋ ಅಂತ ಭಯ."

ಡಿಗ್ರಿ ಮೇಡಂ ತಲೆ ತಗ್ಗಿಸಿದಳು.

"ಒಂದು ಕೇಳ್ಲಾ? ನನಗೆ ನಿಮ್ಮ ಕೆಲಸ ಅರ್ಥ ಆಗಲ್ಲ. ನಾಲ್ಕು ಕೋಣೆ ಅಂತೀರಿ. ಒಂದು ಮುಚ್ಚಬೇಕು, ಸರಿ. ಆ ಮೂರನೇದನ್ನೇ ಮುಚ್ಚಬೇಕಿತ್ತಾ?"

"ಅದು ಖಾಲಿ ಆಗಿತ್ತು, ಅದಕ್ಕೆ..."

"ಮನೇಲಿ ಒಳ್ಳೇ ಕೋಣೆ ಖಾಲಿ ಆದ್ರೆ ಸೋರೋ ಕೋಣೇಲಿ ಇರೋರನ್ನ ಅಲ್ಲಿಗೆ ಕಳಿಸ್ತಾರಪ್ಪ. ಒಳ್ಳೇದಕ್ಕೆ ಬೀಗ ಹಾಕ್ತಾರಾ?"

ಅಕ್ಕ ಹೋದ ಮೇಲೆ ಅವಳು ಒಂದು ಹಾಳೆ ತೆಗೆದಳು. ಒಂದನೇ ಕೋಣೆ ಹಳೆಯದು. ಅಲ್ಲಿ ತಣ್ಣನೆ ಗಾಳಿ ಬಿಸಿಗಾಳಿಯೊಂದಿಗೆ ಬೆರೆತು ಪೋಲಾಗುತ್ತದೆ. ಮೂರನೆಯದರಲ್ಲಿ ನಿಂತುಹೋದ ಸರ್ವರುಗಳನ್ನು ತೆಗೆದು, ಒಂದನೆಯದರಲ್ಲಿ ಇರುವುದನ್ನು ಆ ಜಾಗಕ್ಕೆ ಸಾಗಿಸಿ, ಒಂದನೇ ಕೋಣೆಯನ್ನೇ ಮುಚ್ಚಿದರೆ? ಬರೆಯುತ್ತ ಹೋದಳು. ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಉಳಿತಾಯ ಹೆಚ್ಚು! ಸಾಗಿಸುವುದು ಕಷ್ಟ, ಆರು ವಾರದ ಕೆಲಸ, ನಿಜ. ಆದರೆ ಸರಿಯಾದ ದಾರಿ ಅದೇ ಆಗಿತ್ತು.

ಇದು ತನಗೆ ಮೊದಲೇ ಕಾಣಬೇಕಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೂ ಕಾಣುತ್ತಿತ್ತು.

'ನನಗೇಕೆ ಕಾಣಲಿಲ್ಲ?'

ಕಾರಣ ಅವಳಿಗೆ ತಿಳಿದಿತ್ತು, ಈಗ ಒಪ್ಪಿಕೊಂಡಳು. ಮೂರನೇ ಕೋಣೆ ಉಳಿಯಲಿ ಎಂದು ಮನಸ್ಸು ಅಷ್ಟು ಬಯಸಿತ್ತು. ಆ ಬಯಕೆಗೆ ಹೆದರಿ ಅವಳು ಆ ಕಡೆ ಕಣ್ಣೇ ಹಾಯಿಸಿರಲಿಲ್ಲ. ಅವನನ್ನು ಇಷ್ಟಪಟ್ಟ ತಪ್ಪಿಗೆ ಅವನ ಪಾಲಿನ ನ್ಯಾಯವನ್ನೂ ಕಿತ್ತುಕೊಂಡಿದ್ದಳು...

*

"ಲೆಕ್ಕ ಚೆನ್ನಾಗಿದೆ," ಮ್ಯಾನೇಜರ್ ಹಾಳೆಯಿಂದ ಕಣ್ಣೆತ್ತದೆ ಹೇಳಿದರು.

"ಇದನ್ನ ಬೇರೆ ಶಾಖೆಯ ಇಂಜಿನಿಯರ್ ನೋಡಲಿ ಸಾರ್. ನನ್ನ ಮಾತಿನ ಮೇಲೆ ಮಾಡಬೇಡಿ."

"ಯಾಕೆ?"

"ಇದರಿಂದ ಕೊಳಕ್ಕೆ ಲಾಭ ಆಗುತ್ತೆ. ಕೊಳದವರ ಮೇಲೆ... ನನಗೆ ಮನಸ್ಸಿದೆ."

ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ ಮ್ಯಾನೇಜರ್ ಕಣ್ಣೆತ್ತಿದರು. ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ಮೇಜಿನ ಖಾನೆ ಎಳೆದು ಒಂದು ಕಾಗದ ತೆಗೆದರು.

"ಇದಕ್ಕೊಂದು ನಮೂನೆ ಇದೆ. ತುಂಬಿ."

'ವ್ಯವಹಾರದ ಇನ್ನೊಂದು ಪಕ್ಷದವರೊಂದಿಗೆ ನೌಕರರ ಸಂಬಂಧ' ಎಂದಿತ್ತು. ಕೆಳಗೆ ಮೂರು ಚೌಕ: ನೆಂಟಸ್ತಿಕೆ, ಪಾಲುದಾರಿಕೆ, ಇತರೆ. ಅವಳು 'ಇತರೆ' ಎಂಬಲ್ಲಿ ಗುರುತು ಹಾಕಿದಳು. 'ವಿವರಿಸಿ' ಎಂದು ಎರಡು ಸಾಲು ಖಾಲಿ ಬಿಟ್ಟಿದ್ದರು. ಅವಳು ದುಂಡಗೆ ಬರೆದಳು:

'ಈಜುಕೊಳದ ಉಸ್ತುವಾರಿ ಹೊತ್ತಿರುವವರನ್ನು ನಾನು ಪ್ರೀತಿಸುತ್ತೇನೆ. ಅವರಿಗೆ ಇದು ತಿಳಿದಿಲ್ಲ.'

ಮ್ಯಾನೇಜರ್ ಓದಿದರು, ಮುದ್ರೆ ಒತ್ತಿದರು, ಕಡತಕ್ಕೆ ಸೇರಿಸಿದರು.

ಬೇರೆ ಶಾಖೆಯ ಇಂಜಿನಿಯರ್ ವಾರ ಕಳೆದು ಉತ್ತರ ಬರೆದ: ಲೆಕ್ಕ ಸರಿ, ಆದರೆ ಉಳಿತಾಯವನ್ನು ಇರುವುದಕ್ಕಿಂತ ಕಡಿಮೆ ತೋರಿಸಲಾಗಿದೆ. ಕೆಲಸ ಶುರುವಾಯಿತು. ಸರ್ವರುಗಳನ್ನು ಒಂದೊಂದಾಗಿ ಸ್ವಿಚ್ ಆರಿಸಿ, ತಳ್ಳುಗಾಡಿಯಲ್ಲಿ ಮಲಗಿಸಿ ಮೂರನೇ ಕೋಣೆಗೆ ಒಯ್ದರು. ಅವಳು ಪ್ರತಿಯೊಂದರ ಜೊತೆಗೂ ನಡೆದಳು. ಆರನೇ ವಾರಕ್ಕೆ ಕೊಳ ಮತ್ತೆ ಮೂವತ್ತಮೂರಕ್ಕೆ ಬಂದು, ತಾತಂದಿರು ಮತ್ತೆ ಜಗಳವಾಡುತ್ತ ನೀರಿಗಿಳಿದದ್ದು ಆಮೇಲಿನ ಮಾತು. ಈಗ ಹೇಳುವುದು ನಡೆದದ್ದು ಎರಡನೇ ವಾರ, ಕೊಳದ ನೀರು ಇನ್ನೂ ಇಪ್ಪತ್ತೇಳರಲ್ಲೇ ಇದ್ದಾಗ.

ಮಧ್ಯಾಹ್ನ ಊಟದ ಹೊತ್ತು. ಅವಳು ತಳ್ಳುಗಾಡಿಯ ಪಕ್ಕ ಕೈ ಒರೆಸಿಕೊಳ್ಳುತ್ತಿದ್ದಳು. ಹೊರಗಿನ ಮೊಗಸಾಲೆಯಲ್ಲಿ ಯಾರೋ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಗುರುತು ಸಿಗಲು ಒಂದು ಕ್ಷಣ ಹಿಡಿಯಿತು. ಅವನನ್ನು ಒಣಗಿದ ಬಟ್ಟೆಯಲ್ಲಿ ಅವಳು ನೋಡಿದ್ದೇ ಕಡಿಮೆ!

ಅವನ ಕೈಯಲ್ಲಿ ಒಂದು ಲಕೋಟೆ ಇತ್ತು.

"ನಿಮ್ಮ ಕಚೇರಿಯಿಂದ ಬಂತು," ಎಂದ. "ಒಂದು ನಮೂನೆಯ ಪ್ರತಿ."

ಒಪ್ಪಂದದ ಇನ್ನೊಂದು ಪಕ್ಷಕ್ಕೆ ಒಂದು ಪ್ರತಿ ಹೋಗುತ್ತದೆ ಎಂದು ನಮೂನೆಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಅವಳಿಗೆ ಈಗ ನೆನಪಾಯಿತು. ಮ್ಯಾನೇಜರಿಗೆ ಮೊದಲೇ ನೆನಪಿತ್ತೋ ಏನೋ...

"ಅದು... ಕಚೇರಿಯ ಪದ್ಧತಿ..."

"ಮೇಲೆ ಬರೆದಿದ್ದಾರೆ, 'ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ' ಅಂತ. ಮಾಹಿತಿ ಗೊತ್ತಾಯ್ತು. ಮುಂದಿನ ಕ್ರಮ ಏನು ಅಂತ ಕೇಳೋಕೆ ಬಂದೆ."

ಅವಳು ಮತ್ತೆ ಕೈ ಒರೆಸಿಕೊಳ್ಳತೊಡಗಿದಳು. ಮುಖ ಕೆಂಪೇರಿತ್ತು.

"ಇದರಲ್ಲಿ ಒಂದು ತಪ್ಪಿದೆ," ಅವನು ಕಾಗದ ಬಿಡಿಸಿದ. "'ಅವರಿಗೆ ಇದು ತಿಳಿದಿಲ್ಲ' ಅಂತ ಬರ್ದಿದ್ದೀರಿ. ತಿಳಿದಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು. ಬೇರೆ ಯಾರಾದ್ರೂ ಆಗಿದ್ರೆ ಎರಡು ಬೈದು ಬಾಯ್ಲರ್ ಹುಡುಕೋಕೆ ಹೋಗ್ತಿದ್ದೆ."

"ನಾನು ಹೇಳಬೇಕಿತ್ತು," ಎಂದಳು. ಕಣ್ಣು ತುಂಬಿತ್ತು. "ಇನ್ಮೇಲೆ ಹೇಳೋಕಾಗದ್ದು ಏನಾದ್ರೂ ಇದ್ರೆ, 'ಹೇಳೋಕಾಗಲ್ಲ' ಅಂತಾದ್ರೂ ಹೇಳ್ತೀನಿ."

"ಅಷ್ಟು ಸಾಕು. ನಾನೂ ಬರಬೇಡಿ ಅನ್ನಬಾರದಿತ್ತು. ಅಂದ ಮೇಲೆ ಮನೇಲಿ ಒಂದು ಪಾತ್ರೆ ಬಿಡದೆ ತೊಳೆದೆ."

ಈ ಸಲ ಅವಳು ಅಳೆದು ನೋಡಲಿಲ್ಲ. ನಕ್ಕೇಬಿಟ್ಟಳು. ನಗುವಾಗಲೇ ಕಣ್ಣೀರು ಕೆನ್ನೆಗಿಳಿಯಿತು. ಅವನು ಕೈ ಚಾಚಿದ. ದೂಳು ಮೆತ್ತಿದ ತನ್ನ ಕೈಯನ್ನು ಅವಳು ಅವನ ಕೈಯೊಳಗೆ ಇಟ್ಟಳು.

"ನಾಳೆ ಹತ್ತಕ್ಕೆ ಅಕ್ಕನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು," ಅವನು ಮೆಲ್ಲಗೆ ಹೇಳಿದ. "ಕೈ ಎಷ್ಟು ಹಿಂದೆ ಬಿತ್ತು ಅಂತ ನೋಡ್ತಾರೆ. ನನಗೆ ಒಬ್ಬನೇ ಕೇಳಿಸ್ಕೊಳ್ಳೋಕೆ ಧೈರ್ಯ ಇಲ್ಲ. ಬರ್ತೀರಾ?"

"ಬರ್ತೀನಿ. ರಜೆ ಹಾಕ್ತೀನಿ."

"ರಜೆ ಚೀಟೀಲಿ ಕಾರಣ ಏನಂತ ಬರೀತೀರಿ?"

"ಸ್ವಂತ ಕೆಲಸ ಅಂತ."

"ಹೋಗ್ತಿರೋದು ನನ್ನ ಅಕ್ಕನ ಕೆಲಸಕ್ಕಲ್ವಾ?"

"ಹೌದು," ಅವಳು ಅವನ ಕೈ ಬಿಡದೆ ಹೇಳಿದಳು. "ಅದೇ. ಸ್ವಂತ ಕೆಲಸ."